ಮುಖ ತೊಳೆಯೋಕೆ ಮುಂಚಿನ ಮಾತು

ತುಮಕೂರು
18 ಜೂನ್ 2024

ಅವ್ವ,

ಫೋನಲ್ಲಿ ನಾನು ಎಷ್ಟು ಕೂಗಿದರೂ ನಿನ್ನ ಕಿವಿಗೆ ನೊಣ ಗುಯ್‌ಗುಟ್ಟಿದ ಹಾಗೆ ಕೇಳುತ್ತೆ ಅಂತೀಯ. ಅದಕ್ಕೇ ಬರೀತಾ ಇದೀನಿ. ಅಮೃತೂರು ಬಸ್ಸಿನ ಚನ್ನೇಶನ ಕೈಗೆ ಕೊಟ್ಟಿರ್ತೀನಿ, ಇಸ್ಕೊ. ನೀನೂ ಅವನ ಕೈಲೇ ಕಳಿಸು.

ನಿನ್ನ ಮೊಮ್ಮಗಳು ಸ್ಕೂಲಿಗೆ ಹೋಗ್ತಾ ಇದಾಳೆ. ಹುಟ್ಟಿದಾಗಿಂದ ನಿನ್ನ ಮಡಿಲಲ್ಲೇ ಬೆಳೆದ ಕೂಸು, ಅತ್ತು ರಂಪ ಮಾಡ್ತಾಳೆ ಅಂತ ಹೆದರಿದ್ದೆ. ಅಳಲಿಲ್ಲ. ಟೈ ಕಟ್ಟೋವಾಗ ಮಾತ್ರ "ಅಮ್ಮ, ಇದನ್ನ ಯಾವ ಗೂಟಕ್ಕೆ ಕಟ್ತಾರೆ?" ಅಂತ ಕೇಳಿದಳು. ಅವರಪ್ಪ ಬಾಗಿಲಲ್ಲೇ ಕೂತು ನಕ್ಕರು. ಆಮೇಲೆ ಲಗೇಜ್ ಆಟೋದಲ್ಲಿ ಮುಂದೆ ಕೂರಿಸಿಕೊಂಡು ಬೀದಿ ಪೂರ್ತಿ ಒಂದು ಸುತ್ತು ಹಾಕಿಸಿದರು. ಎಲ್ಲರಿಗೂ ಯೂನಿಫಾರ್ಮ್ ಕಾಣಬೇಕಲ್ಲ.

ಒಂದು ವಿಷಯಕ್ಕೆ ನೀನು ಬೈತೀಯ. ಇವಳು ಬೆಳಿಗ್ಗೆ ಎದ್ದವಳೇ ಬಚ್ಚಲಿಗೆ ಹೋಗಿ ನಿಲ್ತಾಳೆ. ಇಲ್ಲಿ ನೀರೊಲೆ ಎಲ್ಲಿಂದ ತರಲಿ? ಗೋಡೆ ಮೇಲಿನ ಗೀಸರನ್ನ ನೋಡಿ, "ಇದಕ್ಕೆ ಕಿವಿ ಇಲ್ವಲ್ಲಮ್ಮ, ಯಾರಿಗೆ ಹೇಳಲಿ?" ಅಂದಳು. ವ್ಯಾನು ಬರೋ ಹೊತ್ತು, ನನಗೆ ಗಾರ್ಮೆಂಟ್ಸ್ ಗೇಟು ಹಾಕೋ ಹೊತ್ತು. ಅವಳು ಬಾಯಿ ತೆಗೆಯೋದರೊಳಗೆ ಮುಖಕ್ಕೆ ನೀರು ಹಾಕಿಬಿಡ್ತೀನಿ. ರಾತ್ರಿ ಕಂಡದ್ದನ್ನೆಲ್ಲ ಕೂತು ಕೇಳೋಷ್ಟು ಪುರುಸೊತ್ತು ಈ ಊರಲ್ಲಿಲ್ಲ ಅವ್ವ.

ಆದರೆ ಒಳ್ಳೆಯದೂ ಆಗಿದೆ. ಅವಳ ಕ್ಲಾಸಿನ ರೂಪಶ್ರೀ ಮಿಸ್ಸು ಬೆಳಿಗ್ಗೆ ಮೊದಲ ಪೀರಿಯಡ್ಡಲ್ಲಿ ಮಕ್ಕಳನ್ನ ದುಂಡಗೆ ಕೂರಿಸಿ, "ನಿನ್ನೆ ರಾತ್ರಿ ಏನಾಯ್ತು, ಹೇಳಿ ನೋಡೋಣ" ಅಂತಾರಂತೆ. ಮಾತು ಕಲೀಲಿ ಅಂತ. ಮಿಕ್ಕವು ಟೀವಿ ನೋಡ್ದೆ, ಮಲಕೊಂಡೆ ಅಂದು ಸುಮ್ಮನಾಗ್ತವೆ. ನಮ್ಮ ಭೂಮಿಕಾ ಶುರು ಮಾಡಿದರೆ ಬೆಲ್ ಹೊಡೆಯೋ ತನಕ ನಿಲ್ಲಿಸಲ್ವಂತೆ. "ನಿಮ್ಮ ಮಗಳಿಗೆ ಒಳ್ಳೆ ಕಲ್ಪನೆ ಇದೆ" ಅಂತ ಡೈರೀಲಿ ಬರೆದು ಕಳಿಸಿದಾರೆ.

ಮಾನಸಾ


ಅಮೃತೂರು ಹತ್ತಿರ, ನಮ್ಮ ಕೇರಿ
27 ಜೂನ್ 2024

ಮಾನಸಾ,

ಕಾಗದ ಓದಿ ಒಲೆಗೆ ಹಾಕಬೇಕು ಅನ್ನಿಸ್ತು. ಹಾಕಲಿಲ್ಲ. ಸಾಕ್ಷರತಾ ಆಂದೋಲನದಲ್ಲಿ ಈ ಬೆರಳು ಸೀಮೆಸುಣ್ಣ ಹಿಡಿದಾಗಿಂದ ಯಾವ ಅಕ್ಷರವನ್ನೂ ನಾನು ಸುಟ್ಟಿಲ್ಲ.

ಕೂಸು ಬಾಯಿ ತೆಗೆಯೋಕೆ ಮುಂಚೆ ಮುಖಕ್ಕೆ ನೀರು ಹಾಕ್ತೀಯ? ನಿನ್ನನ್ನ ಹಾಗೆ ಬೆಳೆಸಿದೆನಾ ನಾನು? ನೀನು ಮರೆತಿದ್ದರೆ ಮತ್ತೆ ಹೇಳ್ತೀನಿ, ಕೇಳು.

ನಮ್ಮವ್ವ ಕದರಮ್ಮ ಊರ ಧಣಿ ಮನೇಲಿ ಜೀತಕ್ಕಿದ್ದಳು. ನಾನು ನಡೆಯೋಕೆ ಕಲಿತಾಗ ನನ್ನನ್ನೂ ಕೊಟ್ಟಿಗೆಗೆ ಹಚ್ಚಿದರು. ಹಗಲೆಲ್ಲ ಧಣಿಯದು. ಕೈಕಾಲೂ ಅವನವೇ. ಅವಳಿಗೂ ನನಗೂ ಅಂತ ಇದ್ದುದು ನೀರೊಲೆ ಮುಂದಿನ ಒಂದಿಷ್ಟು ಕತ್ತಲು ಮಾತ್ರ, ಹೊತ್ತು ಮೂಡೋಕೆ ಮುಂಚೆ. ಆಗ ನನ್ನನ್ನ ತೊಡೆ ಮೇಲೆ ಕೂರಿಸಿಕೊಂಡು "ರಾತ್ರಿ ಏನಾಯ್ತು ಮಗ?" ಅನ್ನೋಳು. ಹಗಲಿದ್ದನ್ನ ಕೇಳಿದರೆ ನಾನೇನು ಹೇಳಲಿ? ಸಗಣಿ ಬಾಚಿದೆ, ಒದೆ ತಿಂದೆ, ಇಷ್ಟೇ. ರಾತ್ರಿ ಮಾತ್ರ ನಾನು ಹಾರ್ತಿದ್ದೆ, ಧಣಿಯ ಎತ್ತಿನ ಹತ್ರ ಮಾತಾಡ್ತಿದ್ದೆ, ಆಕಾಶದಲ್ಲಿ ರಾಗಿ ಬಿತ್ತುತಿದ್ದೆ. ಅದರ ಮೇಲೆ ಯಾವ ನನ್ಮಗನ ಯಜಮಾನಿಕೆಯೂ ಇರಲಿಲ್ಲ.

ಅದಕ್ಕೆ ಕಟ್ಟಳೆ ಇದೆ. ಕನಸು ಅನ್ನೋ ಮಾತು ಎತ್ತಬಾರದು. ಆಯ್ತು ಅಂತಲೇ ಹೇಳಬೇಕು. ಕೇಳೋರು ನಿಜಾನಾ ಅಂತ ಕೇಳಬಾರದು, ನಗಬಾರದು. ಹೇಳಿ ಮುಗಿಸಿ ಮುಖ ತೊಳೆದರೆ ಅಲ್ಲಿಂದಾಚೆ ಹಗಲು. ಹಗಲಲ್ಲಿ ಸುಳ್ಳಾಡಿದರೆ ನಮ್ಮವ್ವ ಸೌಟಲ್ಲಿ ಬಾರಿಸೋಳು. ನಮ್ಮ ಕೇರಿ ಕೂಸುಗಳಿಗೆ ಸ್ಕೂಲು ಬರೋಕೆ ಎಷ್ಟೋ ಮುಂಚೆ ಇದ್ದ ಸ್ಕೂಲು ಇದು. ನಾನು ಸಂಘಟನೆಯ ವೇದಿಕೆ ಹತ್ತಿ ಮೈಕಿಲ್ಲದೆ ಮಾತಾಡಿದ್ದು ಯಾವ ಭಾಷಣಕಾರನ ಹತ್ರ ಕಲಿತದ್ದಲ್ಲ, ಆ ಒಲೆ ಮುಂದೆ ಕಲಿತದ್ದು.

ಭೂಮಿಕಾ ಇಲ್ಲಿದ್ದಾಗ ಹೇಳಿದ್ದನ್ನ ಒಂದನ್ನಾದರೂ ಬರೀತೀನಿ, ನಿನ್ನ ಗಾರ್ಮೆಂಟ್ಸ್ ಗದ್ದಲದಲ್ಲಿ ಓದಿಕೊ. ಕುಣಿಗಲ್ ಕೆರೆ ಎದ್ದು ಬಂದಿತ್ತು. ಸೀರೆ ನೆರಿಗೆ ಎತ್ತಿ ಹಿಡಿದ ಹೆಂಗಸಿನ ಹಾಗೆ ನೀರನ್ನ ಮೊಳಕಾಲ ತನಕ ಎತ್ತಿಕೊಂಡು ರಸ್ತೆ ದಾಟಿ ನಮ್ಮ ಜಗಲಿಗೆ ಬಂದು ಕೂತಿತ್ತು. ಅದರ ಹಿಂದೆ ಸ್ಟಡ್ ಫಾರಂ ಕುದುರೆಗಳು, ಒಂದೂ ಸದ್ದು ಮಾಡದೆ, ಮಕ್ಕಳು ಕ್ಲಾಸಿಗೆ ಬಂದ ಹಾಗೆ. ಕೆರೆಗೆ ಬಾಯಾರಿತ್ತಂತೆ. ಇವಳು ಚೊಂಬಲ್ಲಿ ನೀರು ಕೊಟ್ಟಳಂತೆ. ಕುಡಿದು, "ನಿನ್ನ ಹೆಸರೇನವ್ವ" ಅಂತಂತೆ.

ಇಂಥದ್ದನ್ನ ಬಾಯಲ್ಲೇ ಇಟ್ಟುಕೊಂಡು ಕೂಸು ವ್ಯಾನು ಹತ್ತಬೇಕಾ? ಸ್ವಲ್ಪ ಮುಂಚೆ ಎಬ್ಬಿಸು.

ಪುಟ್ಟಗಂಗಮ್ಮ


ತುಮಕೂರು
20 ಜುಲೈ 2024

ಅವ್ವ,

ಅವಸರದಲ್ಲಿ ಬರೀತಾ ಇದೀನಿ, ಅಕ್ಷರ ಹೇಗಿದ್ದರೂ ಓದಿಕೊ.

ಮೊನ್ನೆ ಕ್ಲಾಸಲ್ಲಿ ರೂಪಶ್ರೀ ಮಿಸ್ಸು ಎಂದಿನ ಹಾಗೆ ರಾತ್ರಿ ಏನಾಯ್ತು ಅಂತ ಕೇಳಿದಾರೆ. ಇವಳು ಹೇಳಿದಾಳೆ: "ಅಪ್ಪ ನನ್ನ ಈರುಳ್ಳಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಕುಣಿಗಲ್ ಕೆರೆಗೆ ಬಿಟ್ಟರು. ನೀರೊಳಗೆ ಕಿರುಚಿದೆ. ಅಮ್ಮ ದಡದಲ್ಲಿ ನಿಂತು ನೋಡ್ತಾ ಇದ್ದಳು." ಮಿಸ್ಸು "ನಿಜಾನಾ ಪುಟ್ಟ?" ಅಂದಿದಾರೆ. ಇವಳಿಗೆ ಹಾಗೆ ಕೇಳಿಸಿಕೊಂಡು ಅಭ್ಯಾಸವೇ ಇಲ್ಲ. "ಹೂಂ" ಅಂದಿದಾಳೆ. ಮೊಳಕೈ ಹತ್ರ ತರಚಿದ ಗಾಯ ಇತ್ತು, ಆಟೋದಿಂದ ಇಳಿಯೋವಾಗ ಆಗಿದ್ದು. ಅದನ್ನೂ ನೋಡಿದಾರೆ.

ಸಂಜೆ ಮನೆ ಬಾಗಿಲಿಗೆ ಜೀಪು ಬಂತು. ಮಕ್ಕಳ ಸಮಿತಿಯ ಮೇಡಂ ಒಬ್ಬರು, ಒಬ್ಬ ಪೊಲೀಸಮ್ಮ. ಬೀದಿಗೆ ಬೀದೀನೇ ಬಾಗಿಲಲ್ಲಿ. "ನಿಮ್ಮ ಯಜಮಾನರು ಕುಡೀತಾರಾ? ಹೊಡೀತಾರಾ? ಯಾವ ಕಡೆ ಜನ ನೀವು?" ಕೊನೇದು ಪೊಲೀಸಮ್ಮ ಕೇಳಿದ್ದು. ಕೆಳಗಿನ ಮನೆ ಖುರ್ಷಿದಾ ಆಂಟಿ ಓಡಿ ಬಂದು, "ಈ ಮನುಷ್ಯ ಇಲಿ ಹೊಡೆಯೋಕೂ ನಮ್ಮ ಇಮ್ರಾನ್‌ನ ಕರೀತಾನೆ, ಮಗಳನ್ನ ಮುಳುಗಿಸ್ತಾನಾ" ಅಂದರು. ಅವರ ಮಾತನ್ನ ಯಾರೂ ಬರಕೊಳ್ಳಲಿಲ್ಲ.

ವಿಚಾರಣೆ ಮುಗಿಯೋ ತನಕ ಭೂಮಿಕಾ ಅಪ್ಪ ಮನೇಲಿ ಇರೋ ಹಾಗಿಲ್ಲ. ಗುಬ್ಬಿಗೆ ಅವರಕ್ಕನ ಮನೆಗೆ ಹೋದರು. ಮುಂದಿನ ತಿಂಗಳು ವಿಚಾರಣೆ. ಸಮಾಧಾನ ಆಗದಿದ್ದರೆ ಕೂಸನ್ನ ಬಾಲಮಂದಿರದಲ್ಲಿ ಇಡಬೇಕಾಗುತ್ತೆ ಅಂತ ಮೇಡಂ ಮೆತ್ತಗೆ ಹೇಳಿ ಹೋದರು.

ಅವರ ಮುಂದೆ ನಾನೇನು ಹೇಳಲಿ? ನಮ್ಮ ಮನೇಲಿ ಕನಸನ್ನ ಹಾಗೇ ಹೇಳ್ತೀವಿ ಅಂದರೆ ನಗ್ತಾರೆ. ಇನ್ನು ಮೇಲೆ ಅವಳ ಹತ್ರ ಆ ಒಲೆ ಮಾತು ಎತ್ತಬೇಡ ಅವ್ವ. ಕೈ ಮುಗೀತೀನಿ.

ಮಾನಸಾ


ನಮ್ಮ ಕೇರಿ
23 ಜುಲೈ 2024

ಮಾನಸಾ,

ಅಳಬೇಡ. ಅತ್ತರೆ ಅವರು ಅದನ್ನೂ ಬರಕೋತಾರೆ.

ನನಗೆ ಆ ರೂಪಶ್ರೀ ಮೇಲೆ ಸಿಟ್ಟಿಲ್ಲ. ಕೂಸು ಹೇಳಿದ್ದನ್ನ ನಂಬಿದಳಲ್ಲ, ಅದಕ್ಕೆ ನನ್ನ ಸಲಾಮು. ಎಷ್ಟೋ ಮನೆಗಳಲ್ಲಿ ಕೂಸು ಬಾಯಿಬಿಟ್ಟು ಹೇಳಿದರೂ ಬಾಯಿ ಮುಚ್ಚು ಅಂತಾರೆ. ನನ್ನ ಸಿಟ್ಟು ಬೇರೆ. ಅದೇ ಕ್ಲಾಸಿನ ಡಾಕ್ಟರ ಮಗಳು "ಅಪ್ಪ ಚೀಲಕ್ಕೆ ಹಾಕಿದ" ಅಂದಿದ್ದರೆ, ಆಹಾ, ಕಲ್ಪನೆ ಅಂತ ಡೈರೀಲಿ ಬರೀತಿದ್ದಳು. ಲಗೇಜ್ ಆಟೋದವನ ಮಗಳು ಅಂದರೆ ಜೀಪು. ಒಂದೇ ಕನಸು, ಅಪ್ಪನ ಅಂಗಿ ನೋಡಿ ಬೆಲೆ ಕಟ್ತಾರೆ. ನಾನು ಬದುಕೆಲ್ಲ ರಸ್ತೇಲಿ ಕೂಗಿದ್ದು ಇದನ್ನೇ, ಈಗ ಮೊಮ್ಮಗಳ ಸರದಿಗೆ ಬಂತು.

ವಿಚಾರಣೆ ತನಕ ಕೂಸು ಅಜ್ಜಿ ಮನೇಲಿ ಇರಲಿ ಅಂತ ಆ ಮೇಡಂ ಹತ್ರ ಕೇಳು. ಕೊಡ್ತಾರೆ. ಒಲೆ ಮಾತು ಎತ್ತಬೇಡ ಅಂದೆ. ಎತ್ತಲ್ಲ. ಅವಳಾಗೇ ಬಂದು ನಿಂತರೆ ಒದ್ದು ಓಡಿಸೋಕೂ ಆಗಲ್ಲ.

ಪುಟ್ಟಗಂಗಮ್ಮ


ತುಮಕೂರು
29 ಜುಲೈ 2024

ಅವ್ವ,

ನಿನ್ನೆ ಕೂಸನ್ನ ನಿನ್ನ ಹತ್ರ ಬಿಟ್ಟು ಬಂದಾಗ ಒಂದು ಮಾತು ಹೇಳಬೇಕು ಅಂತಿದ್ದೆ. ನಿನ್ನ ಮುಖ ನೋಡಿ ನುಂಗಿಕೊಂಡೆ.

ಜೀಪು ಬಂದ ದಿನ, ಮೇಡಂ ಆ ಚೀಲದ ಮಾತು ಓದಿ ಹೇಳಿದಾಗ, ನಾನು ತಿರುಗಿ ಇವರ ಮುಖ ನೋಡಿದೆ. ಮನೆಯೊಳಗೆ ಈರುಳ್ಳಿ ಚೀಲ ಇದ್ದಾವೆ. ಭಾನುವಾರ ಅಪ್ಪ ಮಗಳು ಇಬ್ಬರೂ ಕುಣಿಗಲ್ ಕಡೆ ಹೋಗಿ ಬಂದಿದ್ದರು. ಒಂದೇ ಗಳಿಗೆ, ಅಷ್ಟೇ. ಆದರೆ ನಾನು ನೋಡಿದ್ದನ್ನ ಇವರು ನೋಡಿಬಿಟ್ಟರು. ಬಟ್ಟೆ ತುಂಬಿಕೊಂಡು ಗುಬ್ಬಿಗೆ ಹೋದರು. ದಿನಾ ಫೋನ್ ಮಾಡ್ತಾರೆ, ಕೂಸು ಉಂಡಳಾ ಅಂತ ಕೇಳ್ತಾರೆ, ಇಟ್ಟುಬಿಡ್ತಾರೆ. ನಾನು ಉಂಡೆನಾ ಅಂತ ಕೇಳಲ್ಲ.

ಒಲೆ ಮುಂದೆ ಬೆಳೆದವಳು ನಾನು. ನನಗೇ ಅನುಮಾನ ಬಂತಲ್ಲ.

ಮಾನಸಾ


ನಮ್ಮ ಕೇರಿ
6 ಆಗಸ್ಟ್ 2024

ಮಗಳೇ,

ಅನುಮಾನ ಪಟ್ಟಿದ್ದಕ್ಕೆ ಕೊರಗಬೇಡ. ಗಂಡನನ್ನ ಒಂದು ಗಳಿಗೆಯೂ ಅನುಮಾನಿಸದ ತಾಯಂದಿರ ಮನೆಗಳಲ್ಲಿ ಕೂಸುಗಳು ಏನೇನು ಅನುಭವಿಸಿದಾವೆ ಅಂತ ನಾನು ಕಂಡಿದ್ದೀನಿ. ನೀನು ಮೊದಲು ಕೂಸಿನ ಕಡೆ ನಿಂತೆ. ಆಮೇಲೆ ಅಳಿಯನ ಕಡೆ. ಸಾಲು ಸರಿಯಾಗೇ ಇದೆ. ಅವನಿಗೆ ನೋವಾಗಿದ್ದರೆ ಆಗಲಿ, ಗಂಡಸು ಅದನ್ನ ತಡಕೋಬೇಕು.

ಭೂಮಿಕಾ ಮೊದಮೊದಲು ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಸೀದಾ ಹೋಗಿ ಮುಖ ತೊಳಕೊಂಡು ಬರೋಳು, ಸಣ್ಣ ಮುದುಕಿ ಹಾಗೆ. ನಾನು ಕೇಳಲಿಲ್ಲ, ಸುಮ್ಮನೆ ಒಲೆಗೆ ತೆಂಗಿನ ಮಟ್ಟೆ ಹಾಕ್ತಾ ಕೂತಿರ್ತಿದ್ದೆ. ಒಂದು ದಿನ ಮಂಜು ಮುಸುಕಿತ್ತು. ತೋಟ ಕಾಣ್ತಿರಲಿಲ್ಲ, ತೆಂಗಿನ ಗರಿಗಳು ಮಾತ್ರ ಗಾಳೀಲಿ ತೇಲ್ತಾ ಇದ್ದವು. ಬಂದು ತೊಡೆ ಮೇಲೆ ಕೂತಳು. ಒಲೆ ನೋಡ್ತಾ, ಅದಕ್ಕೇ ಹೇಳೋ ಹಾಗೆ ಶುರು ಮಾಡಿದಳು.

ಏನು ಹೇಳಿದಳು ಗೊತ್ತಾ? "ಬಾಗಿಲ ಹೊರಗೆ ಕೂತಿದ್ದೆ. ಸುತ್ತ ಚಪ್ಪಲಿ, ಶೂ. ಎಲ್ಲರ ಡಬ್ಬಿ ಒಳಗೆ, ನನ್ನ ಡಬ್ಬಿ ಮಾತ್ರ ನನ್ನ ಜೊತೆ ಹೊರಗೆ. ಬಿಸಿಲು ನನ್ನ ಮೊಟ್ಟೆ ಮೇಲೆ ಕೂತಿತ್ತು. ಚಪ್ಪಲಿಗಳು ಹಾಡು ಹೇಳ್ತಾ ಇದ್ದವು. ಕೆಂಪು ಶೂ ಒಂದು ನನ್ನ ಕಡೆ ತಿರುಗಿ, ನೀನು ನಮ್ಮವಳು ಅಂತು."

ಮಾನಸಾ, ನಾನು ಅತ್ತುಬಿಟ್ಟೆ. ನಿಮ್ಮ ತಾತ ಮೆಟ್ಟು ಹೊಲೀತಿದ್ದುದನ್ನ ಈ ಕೂಸು ಕಣ್ಣಲ್ಲಿ ಕಂಡಿಲ್ಲ. ನಿಮ್ಮಪ್ಪನೂ ಆ ಉಳಿ ಬಿಟ್ಟು ಎಷ್ಟೋ ಕಾಲ ಆಗಿತ್ತು. ಆದರೂ ಹೊಲಿದ ಮೆಟ್ಟುಗಳು ನಮ್ಮನ್ನ ಮರೆತಿಲ್ಲ. ಹುಡುಕಿಕೊಂಡು ಬಂದು ಕೂಸಿನ ಸುತ್ತ ಕೂತು ಹಾಡಿದಾವೆ. ಧಣಿಗಳ ಕಾಲಿಗೆ ಹೋದ ನಮ್ಮ ಬೆವರು ವಾಪಸ್ಸು ನಮ್ಮ ಕೂಸಿನ ಹತ್ರ ಬಂದಿದೆ. ಇದಕ್ಕಿಂತ ಒಳ್ಳೇದು ಏನು ಬೇಕು?

ಮತ್ತೆ ಮತ್ತೆ ಬೆಳಿಗ್ಗೆ ಇದನ್ನೇ ಹೇಳ್ತಾಳೆ. ನಾನೂ ಮತ್ತೆ ಮತ್ತೆ ಕೇಳ್ತೀನಿ, ಒಂದು ಹಾಡನ್ನ ಕೇಳಿದ ಹಾಗೆ.

ಪುಟ್ಟಗಂಗಮ್ಮ


ತುಮಕೂರು
9 ಆಗಸ್ಟ್ 2024

ಅವ್ವ,

ನಿನ್ನ ಕಾಗದವನ್ನ ಕ್ಯಾಂಟೀನಲ್ಲಿ ಓದಿದೆ. ಊಟದ ಡಬ್ಬಿ ಮುಚ್ಚಿಟ್ಟೆ.

ಜೂನ್ ಕೊನೆಯಿಂದ ಅವಳ ಡಬ್ಬಿ ಅರ್ಧ ತುಂಬಿಕೊಂಡೇ ವಾಪಸ್ಸು ಬರ್ತಿತ್ತು. ನಾನು ಡಬ್ಬೀಲಿ ಬೇಯಿಸಿದ ಮೊಟ್ಟೆ ಇಡ್ತಿದ್ದೆ, ಮೈ ಹತ್ತಲಿ ಅಂತ. ಸ್ಕರ್ಟಿನ ಹಿಂದೆ ದಿನಾ ಕೆಂಪು ದೂಳು. ಆಟ ಆಡ್ತಾಳೆ ಅಂದುಕೊಂಡು ಒಗೆದೆ. ಅವಳ ಕ್ಲಾಸಿನ ಹೊರಗೆ, ಬಾಗಿಲ ಪಕ್ಕ, ಮಕ್ಕಳು ಶೂ ಬಿಡೋ ಕಟ್ಟೆ ಇದೆ. ಸೇರಿಸೋಕೆ ಹೋದ ದಿನ ನಾನೇ ನೋಡಿದ್ದೀನಿ.

ಅವ್ವ, ಬಿಸಿಲು ಮೊಟ್ಟೆ ಮೇಲೆ ಕೂತಿತ್ತು ಅಂದಿದಾಳೆ ಅವಳು.

ಅವಳ ಮುಖ ತೊಳೆಸು. ಹಗಲಲ್ಲಿ ಕೂರಿಸಿ ಕೇಳು. ನಿಜಾನಾ ಅಂತ ಕೇಳು. ಕೇಳಬಾರದು ಅಂತ ನನಗೂ ಗೊತ್ತು. ಆದರೂ ಕೇಳು.

ಮಾನಸಾ


ನಮ್ಮ ಕೇರಿ
12 ಆಗಸ್ಟ್ 2024

ಮಾನಸಾ,

ಕೇಳಿದೆ.

ಮಧ್ಯಾಹ್ನ, ಮುಖ ತೊಳೆಸಿ, ತಲೆ ಬಾಚಿ, ಜಗಲಿ ಮೇಲೆ ಕೂರಿಸಿಕೊಂಡು ಕೇಳಿದೆ. "ಚಪ್ಪಲಿ ಹತ್ರ ಕೂತಿದ್ದು ನಿಜಾನಾ ಮಗ?" ಅವಳು ನನ್ನನ್ನ ನೋಡಿದ ನೋಟ ಸಾಯೋ ತನಕ ಮರೆಯಲ್ಲ. ಕಟ್ಟಳೆ ಮುರಿದವಳನ್ನ ನೋಡೋ ಹಾಗೆ ನೋಡಿದಳು.

"ಅಜ್ಜಿ, ಅದನ್ನ ಈಗ ಹೇಳಬಾರದು."

"ಯಾಕೆ?"

"ಮನೇಲಿ ಹೇಳಬೇಡ ಅಂತ ಮಿಸ್ಸು ಹೇಳಿದಾರೆ. ಒಲೆ ಹತ್ರ ಹೇಳಬಹುದು. ಅಲ್ಲಿ ನಿಜಾನಾ ಅಂತ ಯಾರೂ ಕೇಳಲ್ವಲ್ಲ."

ಐದು ವರ್ಷದ ಕೂಸು ದಾರಿ ಹುಡುಕಿಕೊಂಡಿದೆ ನೋಡು. ಹೇಳಬಾರದ್ದನ್ನ ಹೇಳೋಕೆ ನಮ್ಮವ್ವ ಕಟ್ಟಿಕೊಟ್ಟ ಒಂದೇ ಜಾಗಕ್ಕೆ ತಂದು ಇಟ್ಟಿದೆ. ದಿನಾ ತಂದು ಇಟ್ಟಿದೆ. ನಾನು ದಿನಾ ಅದನ್ನ ಎತ್ತಿ ಮುದ್ದಾಡಿ, ತಾತ ಮುತ್ತಾತ ಅಂತ ಕಣ್ಣೀರು ಸುರಿಸಿದೆ. ಊರೂರು ತಿರುಗಿ, ಹೊರಗೆ ಕೂರಿಸೋರ ವಿರುದ್ಧ ಗಂಟಲು ಹರಕೊಂಡವಳು ನಾನು. ನನ್ನ ತೊಡೆ ಮೇಲೆ ಕೂತ ಕೂಸು ಹೊರಗೆ ಕೂರಿಸಿದರು ಅಂದರೆ, ಆಹಾ ಎಂಥಾ ಕನಸು ಅಂದೆ.

"ಚಪ್ಪಲಿಗಳು ಹಾಡಿದ್ದು?" ಅಂತ ಕೇಳಿದೆ, ಅದಾದರೂ ಉಳೀಲಿ ಅಂತ.

"ಅದು ನಾನೇ ಹಾಡಿಕೊಂಡಿದ್ದು ಅಜ್ಜಿ. ಒಬ್ಬಳೇ ಇದ್ದೆನಲ್ಲ."

ಮೊಟ್ಟೆ ವಾಸನೆ ಅಂತ ಬೇರೆ ತಾಯಂದಿರು ದೂರು ಹೇಳಿದರಂತೆ. ಹೊರಗೆ ಕೂತು ತಿನ್ನು ಅಂದರಂತೆ. ಕಿಟಕಿ ಪಕ್ಕ ಕೂರೋ ಹುಡುಗ ಆಮ್ಲೆಟ್ ತರ್ತಾನಂತೆ, ಅವನು ಒಳಗೇ ತಿಂತಾನಂತೆ. "ಅವನ ಮೊಟ್ಟೆ ವಾಸನೆ ಬರಲ್ವಾ?" ಅಂದೆ. "ಅವರಪ್ಪನ ಕಾರು ದೊಡ್ಡದು" ಅಂದಳು. ಕೂಸು ಪೂರ್ತಿ ತಿಳಕೊಂಡುಬಿಟ್ಟಿದೆ.

ಈಗ ಗಂಟು ಎಲ್ಲಿದೆ ಅಂತ ನಿನಗೂ ಹೊಳೆದಿರುತ್ತೆ. ನಿನ್ನ ಗಂಡ ಅಂಜನಮೂರ್ತಿಯನ್ನ ಉಳಿಸೋಕೆ ಈ ಕೂಸು ಕನಸನ್ನ ನಡೆದಿದ್ದು ಅನ್ನೋ ಹಾಗೆ ಹೇಳುತ್ತೆ ಅನ್ನಬೇಕು. ಹಾಗಂದರೆ ಚಪ್ಪಲಿ ಮಾತನ್ನೂ ಕನಸು ಅಂತ ಗುಡಿಸಿ ಆಚೆಗೆ ಹಾಕ್ತಾರೆ. ಚಪ್ಪಲಿ ಮಾತು ಎತ್ತದೆ ಸುಮ್ಮನಿದ್ದರೆ ಅಳಿಯ ಮನೆಗೆ ಬರ್ತಾನೆ, ಕೂಸು ಅದೇ ಕಟ್ಟೆಗೆ ಹೋಗುತ್ತೆ.

ಸುಮ್ಮನಿರಬೇಡ. ಎರಡನ್ನೂ ಹೇಳು. ನಾನು ಕೂಸನ್ನ ಕರಕೊಂಡು ಬರ್ತೀನಿ.

ಪುಟ್ಟಗಂಗಮ್ಮ


ತುಮಕೂರು
22 ಆಗಸ್ಟ್ 2024

ಅವ್ವ,

ನಿನ್ನನ್ನ ಹೊರಗಿನ ಬೆಂಚಲ್ಲಿ ಕೂರಿಸಿ ನಮ್ಮನ್ನ ಮಾತ್ರ ಒಳಗೆ ಕರೆದರು. ವಾಪಸ್ಸು ಬರೋವಾಗ ಬಸ್‌ಸ್ಟ್ಯಾಂಡಿನ ಗಲಾಟೇಲಿ ನಾನು ಹೇಳಿದ್ದು ನಿನಗೆ ಅರ್ಧವೂ ಕೇಳಿಸಲಿಲ್ಲ. ಒಳಗೆ ನಡೆದಿದ್ದನ್ನ ಪೂರ್ತಿ ಬರೀತೀನಿ.

ಸ್ಕೂಲಿನ ಹೆಡ್ಡೂ ರೂಪಶ್ರೀ ಮಿಸ್ಸೂ ಆಗಲೇ ಅಲ್ಲಿ ಕೂತಿದ್ದರು. ಮೊದಲು ಖುರ್ಷಿದಾ ಆಂಟಿಯನ್ನ ಕೇಳಿದರು. ಸ್ಕೂಲು ಬಿಟ್ಟ ಮೇಲೆ ನಾನು ಬರೋ ತನಕ ಭೂಮಿಕಾ ಅವರ ಮನೇಲಿ ತಾನೇ ಇರೋದು. ಆಂಟಿ ಸೆರಗು ಸರಿಮಾಡಿಕೊಂಡು ಕೂತು, "ಮೇಡಂ, ಈ ಹುಡುಗಿ ಸಂಜೆ ಒಂದು ನಿದ್ದೆ ಮಾಡಿ ಎದ್ದರೂ ಹಿಂಗೇ. ಒಂದು ದಿನ ಎದ್ದವಳೇ, ಆಂಟಿ ನಿಮ್ಮ ಇಮ್ರಾನ್ ಹುಂಜ ಆಗಿ ಮಾಳಿಗೆ ಮೇಲೆ ಕೂಗಿದ ಅಂದಳು. ನಾನು ಪೊಲೀಸಿಗೆ ಫೋನ್ ಮಾಡಬೇಕಿತ್ತಾ? ಮುಖ ತೊಳಕೊಂಡು ಬಂದು ಅದೇ ಇಮ್ರಾನ್ ಜೊತೆ ಬಿಸ್ಕತ್ತಿಗೆ ಜಗಳ ಆಡಿದಳು" ಅಂದರು. ಮೇಡಂ ನಕ್ಕರು. ಒಲೆ ಕಟ್ಟಳೆಯನ್ನ ನಾನು ಹೇಳಿದೆ, ಕದರಮ್ಮಜ್ಜಿಯಿಂದ ಶುರು ಮಾಡಿ. ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದರು. ಇವರು ಮನೆಗೆ ವಾಪಸ್ಸು ಹೋಗಬಹುದು ಅಂದರು.

ಇವರು ಎದ್ದು ಕೈ ಮುಗಿದರು. ನಾನು ಏಳಲಿಲ್ಲ. ಇನ್ನೊಂದು ಮಾತಿದೆ ಮೇಡಂ ಅಂದೆ. ಚಪ್ಪಲಿ ಕಟ್ಟೆ ವಿಷಯ ಹೇಳಿದೆ.

ಸ್ಕೂಲಿನ ಹೆಡ್ಡು ಹಾಗೇ ಒರಗಿ ಕೂತು, "ಈಗ ತಾನೇ ನೀವೇ ಹೇಳಿದಿರಿ, ಆಗದೇ ಇದ್ದದ್ದನ್ನ ಆಯ್ತು ಅಂತ ಹೇಳೋದು ನಿಮ್ಮ ಮನೆ ಪದ್ಧತಿ ಅಂತ. ಇದೂ ಅದೇ" ಅಂದರು. ನೀನು ಬರೆದಿದ್ದ ಗಂಟು ಅದೇ ಅಳತೆಗೆ ನನ್ನ ಕುತ್ತಿಗೆಗೆ ಬಿತ್ತು. ಮೇಡಂ ಪೆನ್ನು ಎತ್ತಿ ಮತ್ತೆ ಕೆಳಗಿಟ್ಟರು. ರೂಪಶ್ರೀ ಮಿಸ್ಸು ಉಗುರು ನೋಡ್ತಾ ಇದ್ದರು.

ಮೇಡಂ ಭೂಮಿಕಾನ ಹತ್ರ ಕರೆದರು. "ಅಪ್ಪ ಚೀಲಕ್ಕೆ ಹಾಕಿದ್ದು ಹೇಳು ಪುಟ್ಟಿ." ಇವಳು "ಅದು ಮುಗಿದುಹೋಯ್ತಲ್ಲ" ಅಂದಳು. "ಚಪ್ಪಲಿ ಹತ್ರ ಕೂತಿದ್ದು?" ಇವಳು ಸುತ್ತ ನೋಡಿ, "ಇಲ್ಲಿ ನೀರು ಎಲ್ಲಿದೆ?" ಅಂದಳು. ಬಾಯಾರಿಕೆ ಅಂದುಕೊಂಡು ಮೇಡಂ ತಮ್ಮ ಬಾಟಲಿ ಕೊಟ್ಟರು. ಇವಳು ಬೊಗಸೆಗೆ ಸುರಿದುಕೊಂಡು ಅಲ್ಲೇ ಮುಖ ತೊಳಕೊಂಡಳು. ಫ್ರಾಕು ನೆನೀತು, ಮೇಜಿನ ಮೇಲಿದ್ದ ಫೈಲೂ ನೆನೀತು. ತೋಳಲ್ಲಿ ಒರೆಸಿಕೊಂಡು ನಿಂತಳು.

ಆಮೇಲೆ ಹೇಳಿದಳು. ಅದರಲ್ಲಿ ಕೆರೆ ಇರಲಿಲ್ಲ, ಕುದುರೆ ಇರಲಿಲ್ಲ, ಯಾವ ಶೂವೂ ಮಾತಾಡಲಿಲ್ಲ. ಯಾರು ಕೈ ಹಿಡಿದು ಹೊರಗೆ ಕರಕೊಂಡು ಹೋದರು, ಕಟ್ಟೆಯ ಯಾವ ಮೂಲೆ, ಆಯಾ ಪೊರಕೆ ಎಲ್ಲಿ ಇಡ್ತಾಳೆ, ಮಳೆ ಬಂದಾಗ ಎಲ್ಲಿಗೆ ಸರಿದು ಕೂತೆ. ಒಣಗಿದ ಮಾತು, ಒಂದಾದ ಮೇಲೊಂದು. ಕೊನೆಗೆ, "ಮನೇಲಿ ಹೇಳಬೇಡ, ಚಾಕ್ಲೇಟ್ ಕೊಡ್ತೀನಿ ಅಂದ್ರು ಮಿಸ್ಸು. ಕೊಡಲಿಲ್ಲ" ಅಂದಳು.

ರೂಪಶ್ರೀ ಮಿಸ್ಸು ತಲೆ ಎತ್ತದೆ "ಹೌದು ಮೇಡಂ" ಅಂದರು. ಹೆಡ್ಡು ಅವರ ಕಡೆ ತಿರುಗಿದರು. ಅವರು ಮತ್ತೆ "ಹೌದು" ಅಂದರು.

ಮಗುವನ್ನ ಒಳಗೆ ಎಲ್ಲರ ಜೊತೆ ಕೂರಿಸಬೇಕು ಅಂತ ಮೇಡಂ ಬರೆದುಕೊಟ್ಟಿದಾರೆ. ಸ್ಕೂಲು ಬಿಡಿಸೋಣ ಅಂತ ಇವರು. ಬೇಡ ಅಂತ ನಾನು. ನೀನೇನಂತೀಯ?

ಮಾನಸಾ


ನಮ್ಮ ಕೇರಿ
25 ಆಗಸ್ಟ್ 2024

ಮಾನಸಾ,

ನನ್ನನ್ನ ಯಾಕೆ ಕೇಳ್ತೀಯ? ಬಾಟಲಿ ನೀರಲ್ಲಿ ಮುಖ ತೊಳಕೊಂಡವಳನ್ನ ಕೇಳು. ಹೋಗ್ತೀನಿ ಅಂದರೆ ಕಳಿಸು, ಮೊಟ್ಟೆ ಇಟ್ಟೇ ಕಳಿಸು.

ಆ ರೂಪಶ್ರೀಗೆ ಕೆಲಸ ಹೋದರೆ ನನಗೆ ತಿಳಿಸು. ತಪ್ಪು ಮಾಡಿದಳು, ಹೌದು ಅಂದಳು. ಹೌದು ಅಂದೋರನ್ನ ಬೀದಿಗೆ ಬಿಡೋದು ನಮ್ಮ ಸಂಘಟನೆ ಕಲಿಸಿದ್ದಲ್ಲ.

ನಾನು ಒಲೆ ಹಚ್ಚೋದು ಬಿಡಲ್ಲ. ಆದರೆ ಇನ್ನು ಮೇಲೆ ಹಗಲಲ್ಲೂ ಕೇಳ್ತೀನಿ, ಇವತ್ತು ಏನಾಯ್ತು ಅಂತ. ನಮ್ಮವ್ವನಿಗೆ ಹಗಲು ಇರಲಿಲ್ಲ, ಅದಕ್ಕೆ ಅವಳು ಕೇಳಲಿಲ್ಲ. ನನಗೆ ಇದೆ. ಸುಮ್ಮನೆ ಬಂದಿದ್ದಲ್ಲ ಅದು.

ಪುಟ್ಟಗಂಗಮ್ಮ


ತುಮಕೂರು
30 ಆಗಸ್ಟ್ 2024

ಅವ್ವ,

ಅವಳು ಹೋಗ್ತೀನಿ ಅಂದಳು. ಸೋಮವಾರದಿಂದ ಹೋಗ್ತಾ ಇದಾಳೆ.

ಬೆಳಿಗ್ಗೆ ಈಗ ಇವರೇ ಬಚ್ಚಲ ಹೊಸ್ತಿಲ ಮೇಲೆ ಕೂರ್ತಾರೆ. ಮೊದಲ ದಿನ "ರಾತ್ರಿ ಏನಾಯ್ತು ಮಗಳೇ" ಅಂದರು. ಅವಳು "ಅಪ್ಪ, ನಾನು ಹೇಳಿದರೆ ನೀನು ಮತ್ತೆ ಗುಬ್ಬಿಗೆ ಹೋಗ್ತೀಯಾ?" ಅಂದಳು. ಇವರು ಗೀಸರ್ ಕಡೆ ಮುಖ ತಿರುಗಿಸಿಕೊಂಡರು. ಮಾರನೇ ದಿನ ತಾನಾಗೇ ಶುರು ಮಾಡಿದಳು. ನಮ್ಮ ಬೀದಿ ತಿಳಿ ಹಳದಿ ಬಣ್ಣದ ನೀರಾಗಿತ್ತಂತೆ. ಅಪ್ಪನ ಆಟೋ ಅದರ ಮೇಲೆ ತೇಲ್ತಾ, ಪ್ರತಿ ಮನೆ ಕಿಟಕಿ ಹತ್ರ ನಿಂತು ಈರುಳ್ಳಿ ಕೊಟ್ಟು, ಬದಲಿಗೆ ಒಂದೊಂದು ಮೋಡ ಇಸ್ಕೊತಾ ಇತ್ತಂತೆ.

ಇವತ್ತು ಸಂಜೆ ಇವರು ಆಟೋಗೆ ಹಗ್ಗ ಬಿಗೀತಾ ಇದ್ದರು, ಸೋಮವಾರದ ಬಾಡಿಗೆಗೆ. ಅವಳು ಸ್ಕೂಲಿಂದ ಬಂದು, ಕೈಕಾಲು ಮುಖ ತೊಳಕೊಂಡು, ಆಟೋ ಹಲಗೆ ಮೇಲೆ ಹತ್ತಿ ಕೂತಳು.

"ಅಪ್ಪ, ಒಳಗೇ ಕೂರಿಸ್ತಾರೆ. ಆದರೆ ನನ್ನ ಬೆಂಚು ಬೇರೆ. ಗೋಡೆ ಕಡೆ ತಿರುಗಿಸಿ ಹಾಕಿದಾರೆ. ಗೋಡೆ ನೋಡ್ಕೊಂಡು ತಿಂತೀನಿ. ರೂಪಶ್ರೀ ಮಿಸ್ಸು ಇಲ್ಲ, ಹೊಸ ಮಿಸ್ಸು."

ಇವರು ನಿಜಾನಾ ಅಂತ ಕೇಳಲಿಲ್ಲ. ನನ್ನ ಮುಖ ನೋಡಿದರು. ಗುಬ್ಬಿಯಿಂದ ಬಂದ ಮೇಲೆ ಇವರು ನನ್ನನ್ನ ನೆಟ್ಟಗೆ ನೋಡಿದ್ದು ಇದೇ ಮೊದಲು. ಆಮೇಲೆ ಬಿಗಿದ ಹಗ್ಗವನ್ನ ಬಿಚ್ಚಿದರು, ಸುತ್ತಿ ಸೀಟಿನ ಕೆಳಗೆ ಇಟ್ಟರು. ಬಾಡಿಗೆಯವರಿಗೆ ಫೋನ್ ಮಾಡಿ ಸೋಮವಾರ ಆಗಲ್ಲ ಅಂದರು. ಖುರ್ಷಿದಾ ಆಂಟಿ ತಮ್ಮ ಬಾಗಿಲಿಂದಲೇ, "ಮೂರ್ತಿ, ನಾನೂ ಬರ್ತೀನಿ, ನನಗೆ ಮುಂದಿನ ಸೀಟು" ಅಂದರು.

ಸೋಮವಾರ ಊಟದ ಬೆಲ್ ಹೊಡೆಯೋ ಹೊತ್ತಿಗೆ ನಾವೆಲ್ಲ ಆ ಕ್ಲಾಸಲ್ಲಿ ಇರ್ತೀವಿ, ಗೋಡೆ ಕಡೆ ತಿರುಗಿಸಿದ ಆ ಬೆಂಚಿನ ಪಕ್ಕ, ನೆಲದ ಮೇಲೆ. ಅಲ್ಲೇ ಉಣ್ತೀವಿ. ಎಬ್ಬಿಸಿದರೆ ಏಳಲ್ಲ. ಹೇಗೆ ಕೂರಬೇಕು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ನಿನಗೆ ಗೊತ್ತು. ಮೊದಲ ಬಸ್ಸಿಗೆ ಬಾ. ಮೊಟ್ಟೆ ನಾನು ಬೇಯಿಸಿರ್ತೀನಿ, ನೀನು ಮುದ್ದೆ ಕಟ್ಟಿಕೊಂಡು ಬಾ.

ಮಾನಸಾ